ದುಡ್ಡಿಲ್ಲದೆ ಸೊರಗಿದ ಸೇನೆ: ದಕ್ಷಿಣ ಆಫ್ರಿಕಾದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯದ ಕಡೆ ಎನ್‌ಡಿಎ, ಸಿಡಿಎಸ್, ಕೆಎಎಸ್ ಪರೀಕ್ಷೆಗೆ ಓದುವವರು ರಕ್ಷಣಾ ವಿಷಯಕ್ಕೆ ಬಂದಾಗ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ. ಯಾವ ದೇಶದ ಹತ್ತಿರ ಎಷ್ಟು ವಿಮಾನ, ಎಷ್ಟು ಹಡಗು ಎಂಬ ಪಟ್ಟಿ ಎಲ್ಲ ಗೈಡುಗಳಲ್ಲೂ ಸಿಗುತ್ತದೆ. ಅವುಗಳಲ್ಲಿ ನಾಳೆ ಬೆಳಿಗ್ಗೆ ಹೊರಡಬಲ್ಲವು ಎಷ್ಟು ಎಂಬುದು ಯಾವ ಗೈಡಿನಲ್ಲೂ ಇರುವುದಿಲ್ಲ. ಕೆಳಗಿನ ಉತ್ತರಗಳೆಲ್ಲ ಆ ಎರಡು ಅಂಕಿಗಳ ನಡುವಿನ ಅಂತರದ ಬಗ್ಗೆ.

ಇಷ್ಟೊಂದು ದೇಶಗಳಿರುವಾಗ ದಕ್ಷಿಣ ಆಫ್ರಿಕಾನೇ ಯಾಕೆ?

ಅಲ್ಲಿ ಯುದ್ಧದಲ್ಲಿ ಸೋತು ಸೇನೆ ಹಾಳಾಗಲಿಲ್ಲ, ದಂಗೆಯಿಂದಲೂ ಅಲ್ಲ. ಚುನಾಯಿತ ಸರ್ಕಾರ, ಪ್ರತಿವರ್ಷ ಸಂಸತ್ತು ಒಪ್ಪಿದ ಬಜೆಟ್, ಎಲ್ಲವೂ ಕ್ರಮವಾಗಿಯೇ ಇದ್ದು ಸೇನೆ ಸೊರಗಿತು. ಹಾಗಾಗಿ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಬಹುದು. ಇನ್ನೊಂದು ಅನುಕೂಲವೂ ಇದೆ. ಅಲ್ಲಿನ ಸರ್ಕಾರ ಇದನ್ನು ಬಚ್ಚಿಟ್ಟಿಲ್ಲ. 2015ರಲ್ಲಿ ಸಂಸತ್ತು ಒಪ್ಪಿದ ರಕ್ಷಣಾ ಪರಾಮರ್ಶೆ ವರದಿಯಲ್ಲೇ ಸೇನೆ ಗಂಭೀರವಾಗಿ ಕ್ಷೀಣಿಸುತ್ತಿದೆ ಎಂದು ಬರೆದುಕೊಂಡಿದ್ದಾರೆ. ಸುಧಾರಣೆಯ ಮೊದಲ ಹಂತಕ್ಕೆ ಇಟ್ಟ ಗುರಿಯೇ 'ಕುಸಿತವನ್ನು ತಡೆಯುವುದು'. ಬೆಳೆಸುವ ಮಾತು ಆಮೇಲಿನದು.

ಈ ಸೇನೆ ಹುಟ್ಟಿದ್ದು ಯಾವಾಗ?

1994ರ ಏಪ್ರಿಲ್ 27ರಂದು, ವರ್ಣಭೇದ ಆಡಳಿತ ಮುಗಿದು ಮೊದಲ ಸಾರ್ವತ್ರಿಕ ಮತದಾನ ನಡೆದ ದಿನಗಳಲ್ಲೇ. ಹಳೆಯ ಸರ್ಕಾರದ ಪಡೆ, ಅದರ ವಿರುದ್ಧ ಬಂದೂಕು ಹಿಡಿದಿದ್ದ ವಿಮೋಚನಾ ಪಡೆಗಳು, ವರ್ಣಭೇದ ಸರ್ಕಾರ ಕರಿಯರಿಗೆಂದು ಬೇರೆ ಮಾಡಿಟ್ಟಿದ್ದ ಟ್ರಾನ್ಸ್‌ಕೈ, ಬೋಫುಥಾಟ್ಸ್ವಾನ, ವೆಂಡಾ, ಸಿಸ್ಕೈ ಎಂಬ 'ತಾಯ್ನಾಡು'ಗಳ ಪಡೆಗಳು, ಇಷ್ಟನ್ನೂ ಒಂದೇ ಸಮವಸ್ತ್ರದೊಳಗೆ ತಂದರು. ನಿನ್ನೆಯವರೆಗೆ ಒಬ್ಬರ ಮೇಲೊಬ್ಬರು ಗುಂಡು ಹಾರಿಸುತ್ತಿದ್ದವರು ಒಂದೇ ಮೆಸ್ಸಿನಲ್ಲಿ ಊಟಕ್ಕೆ ಕೂತರು. ಅದು ಸಣ್ಣ ಸಾಧನೆಯಲ್ಲ. ಆದರೆ ಒಬ್ಬರನ್ನೂ ಕೈಬಿಡದೆ ಸೇರಿಸಿಕೊಂಡದ್ದರಿಂದ ಸಂಬಳದ ಪಟ್ಟಿ ಮೊದಲ ದಿನದಿಂದಲೇ ಭಾರವಾಗಿತ್ತು. ಮುಂದಿನ ಕಥೆಗೆ ಇದನ್ನು ನೆನಪಿಟ್ಟುಕೊಳ್ಳಿ.

ದುಡ್ಡು ಎಷ್ಟು ಕಡಿಮೆ?

1980ರ ದಶಕದ ಕೊನೆಗೆ, ಅಂಗೋಲಾ ಗಡಿಯ ಯುದ್ಧದ ಕಾಲದಲ್ಲಿ, ದೇಶದ ಜಿಡಿಪಿಯಲ್ಲಿ ಶೇ. 4ಕ್ಕೂ ಹೆಚ್ಚು ಪಾಲು ಸೇನೆಗೆ ಹೋಗುತ್ತಿತ್ತು. ಯುದ್ಧ ನಿಂತ ಮೇಲೆ ಅದನ್ನು ಇಳಿಸಿದ್ದು ನ್ಯಾಯವೇ. ಶಾಲೆ, ಆಸ್ಪತ್ರೆ, ನೀರು ಕಾಣದ ಕೋಟ್ಯಂತರ ಜನರಿದ್ದರು. ಆದರೆ ಇಳಿಕೆ ಎಲ್ಲೂ ನಿಲ್ಲಲಿಲ್ಲ. 2010ರ ದಶಕದಲ್ಲಿ ಶೇ. 1ರ ಆಸುಪಾಸಿಗೆ ಬಂತು, ಈಗ ಶೇ. 0.7ರ ಹತ್ತಿರ ಇದೆ.

ಕಡಿಮೆ ದುಡ್ಡು ತಾನಾಗಿಯೇ ರೋಗವಲ್ಲ. ಶೇ. 0.7ರಲ್ಲಿ ಒಂದು ಸಣ್ಣ, ಚುರುಕಾದ ಪಡೆಯನ್ನು ನಡೆಸಬಹುದು. ರೋಗ ಶುರುವಾಗುವುದು ಕೊಡುವ ದುಡ್ಡು ಸಣ್ಣ ಸೇನೆಯದು, ಹೇಳುವ ಕೆಲಸ ದೊಡ್ಡ ಸೇನೆಯದು ಎಂದಾದಾಗ. ಗಡಿ ಕಾವಲು, ಕಾಂಗೋ, ಮೊಜಾಂಬಿಕ್, ಕೋವಿಡ್, 2021ರ ಜುಲೈ ಗಲಭೆ, ಯಾವುದಕ್ಕೂ ಇಲ್ಲ ಎನ್ನಲಿಲ್ಲ. ಅಲ್ಲಿನ ಭೂಗಡಿಯೊಂದಕ್ಕೇ 22 ಕಂಪನಿಗಳು (ಸೈನಿಕ ತುಕಡಿಗಳು) ಬೇಕೆಂದು ಲೆಕ್ಕ ಹಾಕಿದ್ದಾರೆ. ನಿಲ್ಲಿಸಲು ಆಗಿರುವುದು 15.

ಬಜೆಟ್ ಪ್ರತಿವರ್ಷ ಒಂದಿಷ್ಟು ಏರುತ್ತಲೇ ಇರುತ್ತದಲ್ಲ, ಮತ್ತೆ ಕೊರತೆ ಎಲ್ಲಿಂದ?

ಅತಿ ಹೆಚ್ಚು ಜನ ಎಡವುವ ಪ್ರಶ್ನೆ ಇದು. ಪೆನ್ನು, ಕಾಗದ ಹಿಡಿದು ಮಾಡಿ ನೋಡಿ.

ಸೇನೆಯ ಬಜೆಟ್ 100 ರೂಪಾಯಿ ಎಂದಿಟ್ಟುಕೊಳ್ಳಿ. ಸಂಬಳಕ್ಕೆ 50. ಉಳಿದ 50ರಲ್ಲಿ ಇಂಧನ, ಮದ್ದುಗುಂಡು, ದುರಸ್ತಿ, ತರಬೇತಿ, ಹೊಸ ಖರೀದಿ. ಬಜೆಟ್ ವರ್ಷಕ್ಕೆ ಶೇ. 3ರಂತೆ ಏರುತ್ತದೆ, ಸಂಬಳ ಶೇ. 7ರಂತೆ. ಹತ್ತು ವರ್ಷ ಕಳೆದಾಗ ಬಜೆಟ್ 134, ಸಂಬಳ 98. ಕೈಯಲ್ಲಿ ಉಳಿದದ್ದು 36. ಈ ಹತ್ತು ವರ್ಷದಲ್ಲಿ ಡೀಸೆಲ್, ಬಿಡಿಭಾಗಗಳ ಬೆಲೆ ವರ್ಷಕ್ಕೆ ಶೇ. 5ರಂತೆ ಏರಿದ್ದರೆ ಆ 36ರ ಬೆಲೆ ಹಳೆಯ ಲೆಕ್ಕದಲ್ಲಿ 22 ರೂಪಾಯಿ. ಯಾರೂ ಬಜೆಟ್ ಕಡಿತ ಮಾಡಲಿಲ್ಲ, ಪತ್ರಿಕೆಯಲ್ಲಿ 'ರಕ್ಷಣೆಗೆ ಹೆಚ್ಚು ಹಣ' ಎಂದೇ ಹತ್ತು ವರ್ಷ ಬಂತು. ಆದರೂ ಸೇನೆಯ ಕೈಕಾಲು ಆಡಿಸುವ ದುಡ್ಡು ಅರ್ಧಕ್ಕಿಂತ ಕೆಳಗಿಳಿಯಿತು.

ಇವು ಲೆಕ್ಕ ತಿಳಿಯಲು ಹಾಕಿದ ಅಂಕಿಗಳು. ದಕ್ಷಿಣ ಆಫ್ರಿಕಾದ ನಿಜವಾದ ಗುರಿ 40:30:30, ಅಂದರೆ ಸಂಬಳಕ್ಕೆ 40, ಕಾರ್ಯಾಚರಣೆಗೆ 30, ಖರೀದಿಗೆ 30. ವಾಸ್ತವದಲ್ಲಿ ಸಂಬಳವೇ 60 ದಾಟಿದೆ. ಇದರ ಮೇಲೆ ನಾಣ್ಯದ ಪೆಟ್ಟು. 1999ರಲ್ಲಿ ಒಂದು ಡಾಲರಿಗೆ ಸುಮಾರು 6 ರಾಂಡ್ ಇತ್ತು, ಈಚಿನ ವರ್ಷಗಳಲ್ಲಿ 18ರ ಆಸುಪಾಸು. ವಿಮಾನದ ಬಿಡಿಭಾಗದ ಬಿಲ್ಲು ಬರುವುದು ಡಾಲರು, ಯೂರೊ, ಸ್ವೀಡಿಷ್ ಕ್ರೋನದಲ್ಲಿ.

ಹಾಗಿದ್ದರೆ ಜನರನ್ನು ಕಡಿಮೆ ಮಾಡಿದರೆ ಆಯಿತಲ್ಲ?

ಹೇಳುವುದು ಸುಲಭ. ಸೈನಿಕನನ್ನು ಮನೆಗೆ ಕಳಿಸಲು ಮೊದಲು ಇಡಿಗಂಟು ಕೊಡಬೇಕು. ಅದಕ್ಕೆ ಒಂದೇ ವರ್ಷದಲ್ಲಿ ದೊಡ್ಡ ಮೊತ್ತ ಬೇಕು, ಆ ಮೊತ್ತ ಇಲ್ಲದೆ ತಾನೇ ಈ ಪಾಡು. ಅಲ್ಲಿ ಸ್ವಯಂ ನಿವೃತ್ತಿ ಯೋಜನೆ ತಂದರು. ಇಂಥ ಯೋಜನೆಯಲ್ಲಿ ಮೊದಲು ಕೈ ಎತ್ತುವವರು ಹೊರಗೆ ಕೆಲಸ ಸಿಗುವವರು: ಪೈಲಟ್, ವಿಮಾನದ ತಂತ್ರಜ್ಞ, ಹಡಗಿನ ಎಂಜಿನಿಯರ್, ಡಾಕ್ಟರ್. ಉಳಿಯುವವರು 45 ದಾಟಿದ, ಬೇರೆಲ್ಲೂ ಹೋಗಲಾಗದ ಪದಾತಿಗಳು.

ನೇಮಕಾತಿ ನಿಲ್ಲಿಸುವುದು ಇನ್ನೂ ಕೆಟ್ಟ ದಾರಿ. ಇವತ್ತು ಸೇರದ ಹುಡುಗ ಹನ್ನೆರಡು ವರ್ಷದ ನಂತರ ಸಿಗದ ಹವಾಲ್ದಾರ. ಆ ತೂತನ್ನು ಆಮೇಲೆ ಎಷ್ಟು ದುಡ್ಡು ಸುರಿದರೂ ತುಂಬಲು ಆಗದು. ಇದನ್ನು ಕಂಡೇ 2003ರಲ್ಲಿ ಎರಡು ವರ್ಷದ ಯುವ ತರಬೇತಿ ಯೋಜನೆ ಶುರುಮಾಡಿದರು. ಅದಕ್ಕೂ ಮುಂದೆ ಹಣದ ಬರ ಬಂದು ತಂಡಗಳು ಸಣ್ಣವಾದವು.

26 ಗ್ರಿಪೆನ್ ಯುದ್ಧವಿಮಾನಗಳಿವೆ ಅಂತ ಓದಿದ್ದೇವೆ. ಹಾರಿಸಲು ಏನಡ್ಡಿ?

1999ರ ದೊಡ್ಡ ಶಸ್ತ್ರ ಖರೀದಿಯಲ್ಲಿ 28 ಎಂದು ಶುರುವಾಗಿ ಕೊನೆಗೆ 26ಕ್ಕೆ ನಿಂತಿತು. 17 ಒಂಟಿ ಆಸನದವು, 9 ಜೋಡಿ ಆಸನದವು, 2008ರಿಂದ 2012ರೊಳಗೆ ಬಂದವು. ಕೊನೆಯ ವಿಮಾನ ಬಂದ ಮರುವರ್ಷವೇ, 2013ರಲ್ಲಿ, 12 ವಿಮಾನಗಳನ್ನು ದೀರ್ಘಕಾಲದ ದಾಸ್ತಾನಿಗೆ ಹಾಕಿದ್ದಾಗಿ ರಕ್ಷಣಾ ಸಚಿವರು ಹೇಳಿದರು. 2021ರಲ್ಲಿ ತಯಾರಕ, ಸ್ವೀಡನ್ನಿನ ಸಾಬ್ ಕಂಪನಿಯ ಜೊತೆಗಿನ ನಿರ್ವಹಣಾ ಒಪ್ಪಂದ ಮುಗಿದು, ನವೀಕರಣಕ್ಕೆ ಹಣ ಸಾಲದೆ, ಇಡೀ ಪಡೆ ನೆಲ ಹಿಡಿಯಿತು. 2022ರಲ್ಲಿ ಹೊಸ ಒಪ್ಪಂದವಾದ ಮೇಲೆ ಕೆಲವು ಮತ್ತೆ ಹಾರಿದವು.

ವಿಮಾನ ಕೆಟ್ಟಿರಲಿಲ್ಲ, ಒಪ್ಪಂದ ಮುಗಿದಿತ್ತು. ಎರಡಕ್ಕೂ ಏನು ಸಂಬಂಧ ಎಂದು ಕೇಳಿದರೆ, ಆಧುನಿಕ ಯುದ್ಧವಿಮಾನ ಮನೆಯ ಟ್ರಾಕ್ಟರ್ ಅಲ್ಲ. ಗ್ರಿಪೆನ್‌ನ ಆರ್‌ಎಂ12 ಎಂಜಿನ್ನಿನ ಒಂದೊಂದು ಬ್ಲೇಡು, ಡಿಸ್ಕಿಗೂ ಇಷ್ಟು ಗಂಟೆ, ಇಷ್ಟು ಸಲ ಸ್ಟಾರ್ಟ್ ಎಂಬ ಆಯಸ್ಸು ಬರೆದಿರುತ್ತದೆ. ಆ ಲೆಕ್ಕ ಇಡುವ ಸಾಫ್ಟ್‌ವೇರ್, ಪರೀಕ್ಷೆಯ ಉಪಕರಣ, ತಾಂತ್ರಿಕ ಪುಸ್ತಕದ ತಿದ್ದುಪಡಿ, ಬಿಚ್ಚಿದ ಭಾಗವನ್ನು ಕಾರ್ಖಾನೆಗೆ ಕಳಿಸಿ ಸರಿಮಾಡಿಸಿ ತರುವ ಹಕ್ಕು, ಎಲ್ಲವೂ ಒಪ್ಪಂದದೊಳಗೆ ಬರುತ್ತವೆ. ಅದು ಮುಗಿದ ದಿನದಿಂದ 'ಇದು ಹಾರಲು ಯೋಗ್ಯ' ಎಂದು ಸಹಿ ಹಾಕುವ ಅಧಿಕಾರಿಗೆ ಆಧಾರವೇ ಇರುವುದಿಲ್ಲ. ಸಹಿ ಇಲ್ಲದೆ ವಿಮಾನ ಹ್ಯಾಂಗರಿನಿಂದ ಆಚೆ ಬರುವುದಿಲ್ಲ, ಬರಲೂ ಬಾರದು. (ಈ ಆರ್‌ಎಂ12 ಅಮೆರಿಕದ ಎಫ್404 ಎಂಜಿನ್ನಿನಿಂದ ಹುಟ್ಟಿದ್ದು. ನಮ್ಮ ತೇಜಸ್‌ನಲ್ಲಿರುವುದು ಅದೇ ಎಫ್404ರ ಇನ್ನೊಂದು ರೂಪ.)

ಹಾರಿಸದೆ ನಿಲ್ಲಿಸಿದರೆ ಉಳಿತಾಯವಲ್ಲವೇ? ಬೇಕಾದಾಗ ತೆಗೆದರಾಯಿತು.

ಹಲವು ಹಂಗಾಮು ನಿಂತ ಸಕ್ಕರೆ ಕಾರ್ಖಾನೆಯನ್ನು ಮತ್ತೆ ಶುರುಮಾಡುವ ಪಾಡು ಮಂಡ್ಯದ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಬಾಯ್ಲರ್ ಕೊಳವೆ ತುಕ್ಕು, ಬೇರಿಂಗ್ ಬಿಗಿತ, ಮೋಟಾರಿನೊಳಗೆ ತೇವ, ಇವೆಲ್ಲ ಓಡದಿದ್ದರಿಂದ ಬಂದವು, ಓಡಿದ್ದರಿಂದಲ್ಲ. ವಿಮಾನದಲ್ಲೂ ಅದೇ, ಇನ್ನಷ್ಟು ಬೇಗ.

ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ನಿಂತರೆ ಟೈರು ಕೆಳಗೆ ಚಪ್ಪಟೆಯಾಗುತ್ತದೆ. ಹೈಡ್ರಾಲಿಕ್ ಪಂಪಿನ ರಬ್ಬರ್ ಸೀಲುಗಳಿಗೆ ಎಣ್ಣೆ ತಾಗದೆ ಒಣಗಿ ಬಿರಿಯುತ್ತವೆ, ಶುರುಮಾಡಿದ ದಿನವೇ ಸೋರುತ್ತವೆ. ಇಂಧನದ ಟ್ಯಾಂಕಿನ ತಳದಲ್ಲಿ ನೀರು ಕೂತು ಪಾಚಿಯಂತಹ ಜೀವಿಗಳು ಬೆಳೆದು ಫಿಲ್ಟರ್ ಕಟ್ಟುತ್ತವೆ. ವೈರಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು. ಅಪಾಯದಲ್ಲಿ ಪೈಲಟ್‌ನನ್ನು ಹೊರಗೆಸೆಯುವ ಸೀಟಿನ ಸಿಡಿಮದ್ದಿನ ಕಾರ್ಟ್ರಿಜ್‌ಗಳಿಗೆ ಕ್ಯಾಲೆಂಡರಿನ ಆಯಸ್ಸು. ಹಾರಿದರೂ ಹಾರದಿದ್ದರೂ ತಾರೀಖು ಬಂದರೆ ಬದಲಿಸಲೇಬೇಕು.

ಸರಿಯಾಗಿ ದಾಸ್ತಾನಿಗೆ ಹಾಕುವ ಕ್ರಮವೇ ಬೇರೆ. ಎಂಜಿನ್ನಿಗೆ ತುಕ್ಕು ತಡೆಯುವ ಎಣ್ಣೆ ಹರಿಸಬೇಕು, ಎಲ್ಲ ರಂಧ್ರ ಮುಚ್ಚಬೇಕು, ಒಣಗಾಳಿ ಹಾಯಿಸುವ ಯಂತ್ರ ಹಗಲು ರಾತ್ರಿ ಓಡಬೇಕು, ಗಾಲಿಗಳನ್ನು ಆಗಾಗ ತಿರುಗಿಸಬೇಕು, ನಿಗದಿತ ಅವಧಿಗೊಮ್ಮೆ ಹೊರತಂದು ಎಂಜಿನ್ ಓಡಿಸಿ ಸರದಿ ಬದಲಿಸಬೇಕು. ಇದಕ್ಕೂ ಜನ ಬೇಕು, ಕರೆಂಟು ಬೇಕು. ದುಡ್ಡಿಲ್ಲದೆ ನಿಲ್ಲಿಸಿದವರಿಗೆ ಈ ಖರ್ಚೂ ಕಷ್ಟ. ಹಾಗಾಗಿ ದಾಸ್ತಾನು ಎಂಬ ಹೆಸರಿನಲ್ಲಿ ಅದು ಬರೀ ನಿಲ್ಲಿಸಿದ್ದಾಗುತ್ತದೆ.

ಪೈಲಟ್‌ಗೂ ಇದೇ ಮಾತು. ಯುದ್ಧವಿಮಾನದ ಪೈಲಟ್ ವರ್ಷಕ್ಕೆ 180 ಗಂಟೆ ಹಾರಬೇಕೆಂಬುದು ನೇಟೋ ದೇಶಗಳು ಇಟ್ಟುಕೊಂಡ ಅಳತೆ. ಗಂಟೆ ಕಡಿಮೆಯಾದಂತೆ ಮೊದಲು ಹೋಗುವುದು ರಾತ್ರಿ ಹಾರಾಟ, ನೆಲಕ್ಕೆ ಹತ್ತಿರದ ಹಾರಾಟ, ನಾಲ್ಕು ವಿಮಾನ ಜೊತೆಗೂಡಿ ಮಾಡುವ ಅಭ್ಯಾಸ. ಏರಿಸಿ ಇಳಿಸುವುದಷ್ಟೇ ಉಳಿಯುತ್ತದೆ. ವಾರ್ಷಿಕ ಪ್ರದರ್ಶನದಲ್ಲಿ ಜನ ನೋಡುವುದು ಅದನ್ನೇ, ಚಪ್ಪಾಳೆ ತಟ್ಟುವುದೂ ಅದಕ್ಕೇ.

ಒಂದು ವಿಮಾನದ ಪಾರ್ಟ್ ಕಿತ್ತು ಇನ್ನೊಂದಕ್ಕೆ ಹಾಕುತ್ತಾರಂತೆ?

ಹಾಕುತ್ತಾರೆ, ಬಸ್ ಡಿಪೋದಲ್ಲಿ ಮಾಡುವ ಹಾಗೆಯೇ. ಒಮ್ಮೊಮ್ಮೆ ಮಾಡಿದರೆ ಜಾಣತನ, ರೂಢಿಯಾದರೆ ಅವನತಿ. ಹೊಸ ಭಾಗ ಹಾಕಲು ಒಂದು ಸಲ ಬಿಚ್ಚಿ ಒಂದು ಸಲ ಜೋಡಿಸಿದರೆ ಸಾಕು. ಕಿತ್ತು ಹಾಕುವಾಗ ಎರಡು ವಿಮಾನಗಳಲ್ಲಿ ನಾಲ್ಕು ಸಲ ಕೈಯಾಡಬೇಕು. ಪ್ರತಿ ಸಲ ಒಂದು ಪಿನ್ನು ಬಾಗುತ್ತದೆ, ಒಂದು ಕ್ಲಿಪ್ ಮುರಿಯುತ್ತದೆ. ದಾನ ಕೊಟ್ಟ ವಿಮಾನದ ದಾಖಲೆ ಕೈತಪ್ಪುತ್ತದೆ, ಯಾವ ಭಾಗಕ್ಕೆ ಎಷ್ಟು ಗಂಟೆ ಆಗಿದೆ ಎಂಬುದು ಗೊತ್ತಾಗದಿದ್ದರೆ ಆ ಭಾಗ ಗುಜರಿಗೆ ಸಮಾನ. ಎರಡು ಮೂರು ವರ್ಷದಲ್ಲಿ ಆ ವಿಮಾನ ಬರೀ ಅಸ್ಥಿಪಂಜರ. ಆದರೂ ಪಟ್ಟಿಯಲ್ಲಿ ಅದನ್ನು 'ಒಂದು' ಎಂದೇ ಎಣಿಸುತ್ತಾರೆ.

ನೌಕಾಪಡೆಯ ಸ್ಥಿತಿ ಹೇಗಿದೆ?

4 ಫ್ರಿಗೇಟ್ ಯುದ್ಧನೌಕೆ, 3 ಜಲಾಂತರ್ಗಾಮಿ, ಎಲ್ಲ ಜರ್ಮನಿಯ ವಿನ್ಯಾಸ, ಎಲ್ಲ ಅದೇ 1999ರ ಖರೀದಿ. ಹಡಗಿನ ಲೆಕ್ಕದಲ್ಲಿ ಒಂದು ಸೂತ್ರವಿದೆ. ಒಂದು ಸದಾ ಸಮುದ್ರದಲ್ಲಿರಬೇಕಾದರೆ ಮೂರು ಬೇಕು: ಒಂದು ಕೆಲಸದಲ್ಲಿ, ಒಂದು ತರಬೇತಿ ಮತ್ತು ಸಿದ್ಧತೆಯಲ್ಲಿ, ಒಂದು ದೊಡ್ಡ ದುರಸ್ತಿಯಲ್ಲಿ. ಮೂರೇ ಜಲಾಂತರ್ಗಾಮಿ ಕೊಂಡವರಿಗೆ ಈ ಚಕ್ರ ಒಂದು ಸಲವೂ ತಪ್ಪಬಾರದು. ದುರಸ್ತಿಗೆ ಹಣ ಬಿಡುಗಡೆಯಾಗದೆ ಒಂದು ಡಾಕಿನಲ್ಲೇ ವರ್ಷಗಟ್ಟಲೆ ಕೂತರೆ, ಎರಡನೆಯದು ತನ್ನ ಸರದಿ ಬಂದರೂ ಸಮುದ್ರದಲ್ಲೇ ಸವೆಯುತ್ತದೆ. ಕೊನೆಗೆ ಮೂರೂ ಒಟ್ಟಿಗೆ ಬಾಗಿಲಿಗೆ ಬಂದು ನಿಲ್ಲುತ್ತವೆ. ಸೈಮನ್ಸ್ ಟೌನ್ ನೌಕಾನೆಲೆಯಲ್ಲಿ ಆದದ್ದು ಇದೇ.

ಡೀಸೆಲ್-ಎಲೆಕ್ಟ್ರಿಕ್ ಜಲಾಂತರ್ಗಾಮಿಯೊಳಗೆ ನೂರಾರು ಸೀಸ-ಆಮ್ಲದ ಬ್ಯಾಟರಿ ಕೋಶಗಳಿರುತ್ತವೆ. ಮನೆಯ ಯುಪಿಎಸ್ ಬ್ಯಾಟರಿಯ ಹಾಗೆ ಅವೂ ಬಳಸಿದರೂ ಬಳಸದಿದ್ದರೂ ಮುದಿಯಾಗುತ್ತವೆ. ಬದಲಿಸುವುದು ಕೋಟಿಗಳ ಬಾಬತ್ತು. ಕಡಿಮೆ ಓಡಾಟದ ಇನ್ನೊಂದು ಪರಿಣಾಮ ಸಿಬ್ಬಂದಿಯ ಕೈಪಳಗದಿರುವುದು. 2023ರ ಸೆಪ್ಟೆಂಬರಿನಲ್ಲಿ ಕೇಪ್ ಕರಾವಳಿಯಲ್ಲಿ, ಹೆಲಿಕಾಪ್ಟರಿನಿಂದ ಸಾಮಾನು ಪಡೆಯುವ ಅಭ್ಯಾಸದ ವೇಳೆ, 'ಮಂಥಾಟಿಸಿ' ಜಲಾಂತರ್ಗಾಮಿಯ ಮೇಲ್ಭಾಗದಲ್ಲಿದ್ದವರು ಅಲೆಗೆ ಸಿಕ್ಕಿ ಮೂವರು ಸತ್ತರು. ಆ ಒಂದು ದುರಂತವನ್ನು ನೇರವಾಗಿ ಬಜೆಟ್ಟಿನ ತಲೆಗೆ ಕಟ್ಟುವುದು ಸರಿಯಲ್ಲ, ಉತ್ತರಪತ್ರಿಕೆಯಲ್ಲಿ ಹಾಗೆ ಬರೆಯಬೇಡಿ.

ಅಲ್ಲಿ ಸ್ವಂತ ಶಸ್ತ್ರ ಕಾರ್ಖಾನೆಗಳಿದ್ದವಲ್ಲ?

ಇದ್ದವು, ಒಳ್ಳೆಯವೇ. ನಿರ್ಬಂಧಗಳ ಕಾಲದಲ್ಲಿ ಬೇರೆ ದಾರಿಯಿಲ್ಲದೆ ಕಟ್ಟಿಕೊಂಡವು. ರೂಯಿವಾಲ್ಕ್ ಯುದ್ಧ ಹೆಲಿಕಾಪ್ಟರ್, ಜಿ5 ಫಿರಂಗಿ, ರಾಟೆಲ್ ಕವಚವಾಹನ ಎಲ್ಲ ಅಲ್ಲಿನವೇ. ಆದರೆ ಕಾರ್ಖಾನೆಗೆ ತವರಿನ ಸೇನೆಯೇ ಮೊದಲ ಗಿರಾಕಿ. ಗಿರಾಕಿಯ ಜೇಬು ಖಾಲಿಯಾದಾಗ ಸರ್ಕಾರಿ ಕಂಪನಿ ಡೆನೆಲ್ 2020ರ ಹೊತ್ತಿಗೆ ಸಂಬಳ ಪೂರ್ತಿ ಕೊಡಲಾಗದ ಸ್ಥಿತಿಗೆ ಬಂತು. ಎಂಜಿನಿಯರುಗಳು ಕೊಲ್ಲಿ ದೇಶಗಳಿಗೆ ಹೋದರು. ಅವರ ಜೊತೆ ಬಿಡಿಭಾಗ ಮಾಡುವ ವಿದ್ಯೆಯೂ ಹೋಯಿತು.

1970ರ ದಶಕದ ರಾಟೆಲ್ ಬದಲಿಗೆ 'ಬ್ಯಾಜರ್' ಎಂಬ ಕವಚವಾಹನ ಮಾಡಿಕೊಡಲು 2007ರಲ್ಲಿ ಡೆನೆಲ್‌ಗೆ ಗುತ್ತಿಗೆ ಕೊಟ್ಟರು, ಇನ್ನೂರಕ್ಕೂ ಹೆಚ್ಚು ವಾಹನಗಳಿಗೆ. ಫಿನ್ಲೆಂಡಿನಿಂದ ಚಾಸಿ ಬಂದವು, ಮುಂಗಡವೂ ಹೋಯಿತು. ಹತ್ತು ಹದಿನೈದು ವರ್ಷ ಕಳೆದರೂ ರಣರಂಗಕ್ಕೆ ಇಳಿಯುವ ಪಡೆ ಸಿದ್ಧವಾಗಲಿಲ್ಲ. ಸೈನಿಕರು ಇವತ್ತಿಗೂ ಅಪ್ಪನ ಕಾಲದ ರಾಟೆಲ್‌ನಲ್ಲೇ ಓಡಾಡುತ್ತಿದ್ದಾರೆ.

ಇದರಿಂದ ರಣರಂಗದಲ್ಲಿ ನಿಜವಾಗಿ ಏನಾಯಿತು?

ಎರಡು ಘಟನೆ ಸಾಕು.

2009ರಲ್ಲಿ ದುಡ್ಡಿನ ಕಾರಣಕ್ಕೆ 8 ಎ400ಎಂ ಸಾಗಣೆ ವಿಮಾನಗಳ ಆರ್ಡರನ್ನು ರದ್ದು ಮಾಡಿದರು. ಉಳಿದದ್ದು 1963ರಲ್ಲಿ ಕೊಂಡ ಸಿ-130 ವಿಮಾನಗಳು. 2013ರ ಮಾರ್ಚಿನಲ್ಲಿ ಮಧ್ಯ ಆಫ್ರಿಕಾ ಗಣರಾಜ್ಯದ ಬಾಂಗಿಯಲ್ಲಿ ಇನ್ನೂರು ಮುನ್ನೂರು ಜನರ ದಕ್ಷಿಣ ಆಫ್ರಿಕಾ ತುಕಡಿಯ ಮೇಲೆ ಸಾವಿರಾರು ಬಂಡುಕೋರರು ಬಿದ್ದರು. ತುಕಡಿ ಚೆನ್ನಾಗಿಯೇ ಕಾದಾಡಿತು, ಆದರೂ 13 ಮಂದಿ ಅಲ್ಲೇ ಮಡಿದರು. ಭಾರಿ ಶಸ್ತ್ರ, ಹೆಚ್ಚುವರಿ ಪಡೆ ಹೊತ್ತು ತಕ್ಷಣ ಹೋಗುವ ಸ್ವಂತ ವಿಮಾನ ಇರಲಿಲ್ಲ, ಬಾಡಿಗೆ ವಿಮಾನ ಹುಡುಕಬೇಕಾಯಿತು. ರದ್ದಾದ ಆರ್ಡರಿನ ಬೆಲೆ ನಾಲ್ಕು ವರ್ಷದ ನಂತರ ಬೇರೊಂದು ಲೆಡ್ಜರಿನಲ್ಲಿ ಬಂತು.

ಎರಡನೆಯದು ಕಾಂಗೋ. 2013ರಲ್ಲಿ ಅಲ್ಲಿನ ಎಂ23 ಬಂಡುಕೋರರನ್ನು ವಿಶ್ವಸಂಸ್ಥೆಯ ಪಡೆ ಹಿಮ್ಮೆಟ್ಟಿಸಿದಾಗ ದಕ್ಷಿಣ ಆಫ್ರಿಕಾದ ರೂಯಿವಾಲ್ಕ್ ಹೆಲಿಕಾಪ್ಟರುಗಳ ಪಾತ್ರ ದೊಡ್ಡದು. 2023ರ ಡಿಸೆಂಬರಿನಲ್ಲಿ ಅದೇ ಎಂ23 ವಿರುದ್ಧ, ಈ ಸಲ ಆಫ್ರಿಕಾ ಖಂಡದ ದಕ್ಷಿಣ ಭಾಗದ ದೇಶಗಳ ಒಕ್ಕೂಟದ (ಎಸ್‌ಎಡಿಸಿ) ಹೆಸರಿನಲ್ಲಿ, ಮತ್ತೆ ಹೋದರು. ಈ ಸಲ ತಲೆ ಮೇಲೆ ಹೆಲಿಕಾಪ್ಟರುಗಳ ಆಸರೆ ಇರಲಿಲ್ಲ. 2025ರ ಜನವರಿಯಲ್ಲಿ ಗೋಮಾ ನಗರ ಎಂ23 ವಶವಾದಾಗ 14 ದಕ್ಷಿಣ ಆಫ್ರಿಕಾ ಸೈನಿಕರು ಸತ್ತರು, ಉಳಿದವರು ನೆಲೆಯೊಳಗೆ ಸುತ್ತುವರಿಯಲ್ಪಟ್ಟರು. ಮಾರ್ಚಿನಲ್ಲಿ ಆ ಕಾರ್ಯಾಚರಣೆಯನ್ನೇ ಮುಗಿಸಿದರು. ಅದೇ ಶತ್ರು, ಅದೇ ಊರು. ನಡುವಿನ ಹನ್ನೆರಡು ವರ್ಷದಲ್ಲಿ ಎದುರಾಳಿ ಬಲಿತಿದ್ದ, ಇವರು ಸೊರಗಿದ್ದರು.

ಎಲ್ಲಕ್ಕೂ ಭ್ರಷ್ಟಾಚಾರವೇ ಕಾರಣ ಅಂತ ಬರೆದರೆ?

ಅರ್ಧ ಅಂಕ ಸಿಗಬಹುದು. 1999ರ ಖರೀದಿಯ ಲಂಚದ ಆರೋಪ ಅಲ್ಲಿನ ರಾಜಕೀಯವನ್ನು ಎರಡು ದಶಕ ಕಾಡಿತು, ನಿಜ. ಆದರೆ ಒಂದು ರೂಪಾಯಿ ಲಂಚವಿಲ್ಲದೆ ಕೊಂಡಿದ್ದರೂ, ಓಡಿಸುವ ಖರ್ಚನ್ನು ಮೊದಲೇ ಎತ್ತಿಡದಿದ್ದರೆ ಗ್ರಿಪೆನ್ ನೆಲದಲ್ಲೇ ಇರುತ್ತಿತ್ತು. ದಸರಾ ಆನೆ ಕೊಂಡವನು ಮಾವುತ, ಕಾವಾಡಿ, ಮೇವಿನ ಲೆಕ್ಕ ಹಾಕದಿದ್ದರೆ ಆನೆಯ ಬೆಲೆಯಲ್ಲಿ ಮೋಸವಾಯಿತೋ ಇಲ್ಲವೋ ಎಂಬುದು ಎರಡನೇ ಪ್ರಶ್ನೆ. ಯುದ್ಧವಿಮಾನವನ್ನು ಅದರ ಆಯಸ್ಸಿನುದ್ದಕ್ಕೂ ಓಡಿಸುವ ಖರ್ಚು ಕೊಂಡ ಬೆಲೆಯನ್ನು ಸುಲಭವಾಗಿ ಮೀರುತ್ತದೆ.

ಇದು ಬಡ ದೇಶಗಳ ಕಾಯಿಲೆ ತಾನೇ?

ಜರ್ಮನಿ ಬಡ ದೇಶವಲ್ಲ. 2014ರಲ್ಲಿ ನಾರ್ವೆಯ ನೇಟೋ ಅಭ್ಯಾಸದಲ್ಲಿ ಅದರ ಸೈನಿಕರು ಮೆಷಿನ್‌ಗನ್ ಇಲ್ಲದ ವಾಹನಗಳಿಗೆ ಕಪ್ಪು ಬಣ್ಣ ಬಳಿದ ಪೊರಕೆ ಕೋಲು ಕಟ್ಟಿದ್ದರು. 2017ರ ಕೊನೆಗೆ ಆ ದೇಶದ ಆರಕ್ಕೆ ಆರೂ ಜಲಾಂತರ್ಗಾಮಿಗಳು ಒಟ್ಟಿಗೆ ಕೆಲಸಕ್ಕೆ ಬಾರದಾಗಿದ್ದವು. ಮುಖ್ಯ ಕಾರಣ ಬಿಡಿಭಾಗದ ದಾಸ್ತಾನು ಇಡುವುದನ್ನೇ ಬಿಟ್ಟದ್ದು. 2022ರಲ್ಲಿ 10,000 ಕೋಟಿ ಯೂರೊ ವಿಶೇಷ ನಿಧಿ ತೆಗೆದಿಟ್ಟ ಮೇಲೂ ಸರಿಹೋಗಲು ವರ್ಷಗಳು ಹಿಡಿಯುತ್ತಿವೆ.

ಅರ್ಜೆಂಟೀನಾ 2017ರ ನವೆಂಬರಿನಲ್ಲಿ 'ಸಾನ್ ಹುವಾನ್' ಜಲಾಂತರ್ಗಾಮಿಯನ್ನು 44 ಜನರ ಸಮೇತ ಕಳೆದುಕೊಂಡಿತು. ಫಿಲಿಪ್ಪೀನ್ಸ್ 2005ರಲ್ಲಿ ಕೊನೆಯ ಎಫ್-5ಗಳನ್ನು ನಿವೃತ್ತಿ ಮಾಡಿ, 2015ರವರೆಗೆ ಯುದ್ಧವಿಮಾನವೇ ಇಲ್ಲದೆ ಕಳೆಯಿತು. ನ್ಯೂಜಿಲೆಂಡ್‌ನದು ಬೇರೆ ಜಾತಿ: 2001ರಲ್ಲಿ ಯುದ್ಧವಿಮಾನ ದಳವನ್ನೇ ಬೇಡವೆಂದು ಮುಚ್ಚಿತು. ಅದು ಒಪ್ಪಬಹುದಾದ, ಒಪ್ಪದಿರಬಹುದಾದ ತೀರ್ಮಾನ, ಆದರೆ ತೀರ್ಮಾನ. ಎಲ್ಲ ಇದೆ ಎಂದು ಹೇಳಿಕೊಂಡು ಯಾವುದೂ ಓಡದ ಸ್ಥಿತಿಗಿಂತ ಅದು ಪ್ರಾಮಾಣಿಕ.

ನಮ್ಮ ಮೈಸೂರು ಸಂಸ್ಥಾನದ ಸೇನೆಗೂ ಹೀಗೇ ಆಯಿತೇ?

ಫಲ ಒಂದೇ, ದಾರಿ ಬೇರೆ. ಮೂರನೇ ಮೈಸೂರು ಯುದ್ಧ ಮುಗಿದು 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾದಾಗ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ದಂಡ ಕಟ್ಟಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ದಂಡಕ್ಕಿಂತ ದೊಡ್ಡ ಪೆಟ್ಟು ಅರ್ಧ ರಾಜ್ಯದ ಕಂದಾಯ ಕೈಬಿಟ್ಟದ್ದು. ದಂಡ ಒಂದು ಸಲದ ಖರ್ಚು, ಕಂದಾಯ ಪ್ರತಿವರ್ಷದ್ದು. ಏಳು ವರ್ಷದ ನಂತರ 1799ರ ಮೇ 4ರಂದು ಕೋಟೆ ಬಿತ್ತು.

ಆಮೇಲೆ ಬಂದ ಒಡೆಯರ ಆಳ್ವಿಕೆಗೆ ಸಹಾಯಕ ಸೈನ್ಯ ಪದ್ಧತಿ. ಈಸ್ಟ್ ಇಂಡಿಯಾ ಕಂಪನಿಯ ಪಡೆಯ ಖರ್ಚಿಗೆ ವರ್ಷಕ್ಕೆ 7 ಲಕ್ಷ ಪಗೋಡ, ಅಂದರೆ ಸುಮಾರು 24.5 ಲಕ್ಷ ರೂಪಾಯಿ. ಜೊತೆಗೆ 1807ರ ಒಪ್ಪಂದದ ಪ್ರಕಾರ 4,000 ಕುದುರೆ ಸವಾರರನ್ನು ಸ್ವಂತ ಖರ್ಚಿನಲ್ಲಿ ಇಡಬೇಕು. ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡಿದ್ದ ರಾಜ್ಯವನ್ನು 1881ರಲ್ಲಿ ಒಡೆಯರಿಗೆ ಮರಳಿ ಕೊಟ್ಟಾಗ ಕಪ್ಪವನ್ನು 35 ಲಕ್ಷಕ್ಕೆ ನಿಗದಿ ಮಾಡಿದರು, ಅದು 24.5 ಲಕ್ಷಕ್ಕೆ ಇಳಿದದ್ದು 1928ರಲ್ಲಿ. ಬೇರೆಯವರ ಸೇನೆಗೆ ಮೊದಲ ತುತ್ತು, ಸ್ವಂತ ಸೇನೆಗೆ ಮಿಕ್ಕಿದ್ದು. ಆ ಮಿಕ್ಕಿದ್ದನ್ನು ಹರಡದೆ ಒಂದು ಒಳ್ಳೆಯ ಕುದುರೆ ದಳಕ್ಕೆ ಸುರಿದದ್ದೇ ಮೈಸೂರಿನವರ ಜಾಣತನ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾದಲ್ಲಿ ಜೋಧಪುರದ ಸವಾರರ ಜೊತೆ ನುಗ್ಗಿದ ಮೈಸೂರು ಲಾನ್ಸರ್ಸ್ ಅದೇ ದಳ.

ಶ್ರೀರಂಗಪಟ್ಟಣದ ಮದ್ದಿನ ಮನೆಗಳನ್ನು ನೋಡಿದವರು ಇನ್ನೊಂದು ಪಾಠವನ್ನೂ ಕಾಣಬಹುದು. ದಪ್ಪ ಗೋಡೆ, ನೆಲಮಟ್ಟಕ್ಕಿಂತ ಕೆಳಗಿನ ಕಟ್ಟಡ. ತೇವ ತಗುಲಿದ ಮದ್ದು ಮದ್ದಲ್ಲ ಎಂಬುದು ಆಗಲೇ ಗೊತ್ತಿತ್ತು.

ಭಾರತಕ್ಕೆ ಈ ಭಯ ಇದೆಯೇ?

ಪ್ರಮಾಣದಲ್ಲಿ ಹೋಲಿಕೆಯೇ ಇಲ್ಲ. ಆದರೆ ನೋಡಬೇಕಾದ ಗುರುತುಗಳು ಅವೇ. 2025-26ರ ರಕ್ಷಣಾ ಬಜೆಟ್ ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪಿಂಚಣಿ ಸುಮಾರು 1.61 ಲಕ್ಷ ಕೋಟಿ, ಬಂಡವಾಳ ವೆಚ್ಚ 1.80 ಲಕ್ಷ ಕೋಟಿ. 2022ರ ಅಗ್ನಿಪಥ ಯೋಜನೆಯ ಚರ್ಚೆಯಲ್ಲಿ ಈ ಪಿಂಚಣಿಯ ಅಂಕಿ ಪದೇ ಪದೇ ಬಂದದ್ದು ಅದಕ್ಕೇ. 40 ದಿನದ ಯುದ್ಧಕ್ಕೆ ಮದ್ದುಗುಂಡು ಇರಬೇಕೆಂಬ ನಿಯಮವಿದ್ದರೂ 2013ರ ಮಾರ್ಚಿನಲ್ಲಿ ಅರ್ಧದಷ್ಟು ಬಗೆಗಳು 10 ದಿನಕ್ಕೂ ಸಾಲುತ್ತಿರಲಿಲ್ಲ ಎಂದು ಸಿಎಜಿ 2015ರ ವರದಿಯಲ್ಲಿ ಎತ್ತಿ ತೋರಿಸಿತು. ಆಮೇಲೆ ತುರ್ತು ಖರೀದಿಗಳಾದವು. 2025ರ ಸೆಪ್ಟೆಂಬರ್ 26ರಂದು ಮಿಗ್-21 ನಿವೃತ್ತಿಯಾದಾಗ ವಾಯುಪಡೆಯಲ್ಲಿ ಉಳಿದದ್ದು 29 ಯುದ್ಧ ಸ್ಕ್ವಾಡ್ರನ್, ಮಂಜೂರಾದದ್ದು 42. ಇಲ್ಲಿ ಹಣಕ್ಕಿಂತ ತಯಾರಿಕೆಯ ವಿಳಂಬವೇ ಮುಖ್ಯ ಕಾರಣ.

ಒಂದು ದೇಶದ ರಕ್ಷಣಾ ಬಜೆಟ್ ಕೈಗೆ ಸಿಕ್ಕರೆ ಎಲ್ಲಿಂದ ಓದಬೇಕು?

ಒಟ್ಟು ಮೊತ್ತ ಬಿಡಿ. ಮೊದಲು ಸಂಬಳ ಮತ್ತು ಪಿಂಚಣಿಯನ್ನು ಕಳೆಯಿರಿ. (ಕೆಲವು ದೇಶಗಳಲ್ಲಿ ಪಿಂಚಣಿ ರಕ್ಷಣಾ ಬಜೆಟ್ಟಿನಲ್ಲಿ ಇರುವುದೇ ಇಲ್ಲ. ಹೋಲಿಸುವಾಗ ಎಡವಬೇಡಿ.) ಉಳಿದದ್ದನ್ನು ಹತ್ತು ವರ್ಷದ ಹಿಂದಿನ ಅದೇ ಅಂಕಿಗೆ ಹೋಲಿಸಿ, ಬೆಲೆ ಏರಿಕೆ ತೆಗೆದುಹಾಕಿ. ಬಳಿಕ ಬಂಡವಾಳದಲ್ಲಿ ಹಳೆಯ ಕಂತು ಎಷ್ಟು, ಹೊಸ ಖರೀದಿ ಎಷ್ಟು ಎಂದು ಬೇರ್ಪಡಿಸಿ. ಆಮೇಲೆ ಬಜೆಟ್ಟಿನಿಂದ ಹೊರಬಂದು ಲೆಕ್ಕಪರಿಶೋಧನಾ ವರದಿ, ಸಂಸದೀಯ ಸಮಿತಿಯ ಪ್ರಶ್ನೋತ್ತರ ನೋಡಿ. ಹಾರಿದ ಗಂಟೆ, ಸಮುದ್ರದಲ್ಲಿ ಕಳೆದ ದಿನ, ಅಭ್ಯಾಸದಲ್ಲಿ ಸಿಡಿಸಿದ ಗುಂಡು ಸಿಗುವುದು ಅಲ್ಲಿ. ಗುರಿ 10,000 ಗಂಟೆ ಎಂದಿದ್ದದ್ದು ಮರುವರ್ಷ ಸದ್ದಿಲ್ಲದೆ 6,000ಕ್ಕೆ ಇಳಿದು, ಸಾಧನೆ ಶೇ. 100 ಎಂದು ಬರೆದಿದ್ದರೆ, ಗುರಿಯನ್ನೇ ಕುಗ್ಗಿಸಿದ್ದಾರೆ ಎಂದು ತಿಳಿಯಿರಿ.

ನಾಳೆಯೇ ದುಡ್ಡು ಬಂದರೆ ಎಷ್ಟು ದಿನಕ್ಕೆ ಸರಿಹೋಗುತ್ತದೆ?

ಒಂದೊಂದಕ್ಕೆ ಒಂದೊಂದು ಕಾಲ. ಡೀಸೆಲ್, ಟೈರು, ಬೂಟು, ಸಣ್ಣ ಗುಂಡು ತಿಂಗಳುಗಳಲ್ಲಿ ಬರುತ್ತವೆ. ನಿಂತ ವಿಮಾನ ಎಬ್ಬಿಸಲು ಬಿಡಿಭಾಗದ ಆರ್ಡರ್ ಸೇರಿ ಒಂದು ಎರಡು ವರ್ಷ. ಜಲಾಂತರ್ಗಾಮಿಯ ದೊಡ್ಡ ದುರಸ್ತಿಗೆ ಎರಡು ಮೂರು ವರ್ಷ, ಅದೂ ಡಾಕಿನಲ್ಲಿ ಕುಶಲ ವೆಲ್ಡರುಗಳು ಇನ್ನೂ ಉಳಿದಿದ್ದರೆ. ಹೊಸ ಪೈಲಟ್ ಯುದ್ಧಕ್ಕೆ ಪಳಗಲು ಐದಾರು ವರ್ಷ. ಅವನಿಗೆ ಕಲಿಸುವ ಗುರು ಬಿಟ್ಟುಹೋಗಿದ್ದರೆ ಮೊದಲು ಗುರುವನ್ನು ತಯಾರು ಮಾಡುವ ವರ್ಷಗಳನ್ನೂ ಕೂಡಿಸಿಕೊಳ್ಳಿ. ಅದಕ್ಕೇ ಅನುಭವಸ್ಥರು ದುಡ್ಡು ತೀರಾ ಕಡಿಮೆಯಿದ್ದಾಗ ಯಂತ್ರಗಳಲ್ಲಿ ಅರ್ಧ ಮಾರಿಯಾದರೂ ತರಬೇತಿ ಶಾಲೆಯನ್ನು, ಅಲ್ಲಿನ ಹಳೆಯ ತಂತ್ರಜ್ಞರನ್ನು ಕೈಬಿಡಬಾರದು ಎನ್ನುತ್ತಾರೆ. ಹಾಗೆ ಮಾಡುವ ಸರ್ಕಾರಗಳು ಕಡಿಮೆ: ಶಾಲೆ ಮುಚ್ಚಿದರೆ ಯಾರೂ ಕೇಳುವುದಿಲ್ಲ, ವಿಮಾನ ಮಾರಿದರೆ ಮರುದಿನವೇ ಪತ್ರಿಕೆಯ ಮುಖಪುಟದಲ್ಲಿ ಬರುತ್ತದೆ.